ಸ್ಲಾಟ್ ಕಳೆದುಕೊಂಡ ಕನ್ನಡದ ಕಾರ್ಡ್

ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲಿ ನನ್ನ ಅಕ್ಕನ ಮಗ ಫೋಟೊ ಸ್ಟುಡಿಯೊ ಇಟ್ಟುಕೊಂಡಿದ್ದಾನೆ. ಮದುವೆ ಆಲ್ಬಮ್, ಜಾತ್ರೆಯ ಫ್ಲೆಕ್ಸ್, ಲಗ್ನಪತ್ರಿಕೆ ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ ಆಗಬೇಕು. ಹೋದ ಬೇಸಿಗೆಯಲ್ಲಿ ಅದರ ಮದರ್‌ಬೋರ್ಡ್ ಸುಟ್ಟುಹೋಯಿತು. ಹೊಸ ಬೋರ್ಡ್, ಪ್ರೊಸೆಸರ್, ರ್‍ಯಾಮ್ ತಂದ. ಕೈಯಲ್ಲಿದ್ದ ದುಡ್ಡು ಅಷ್ಟಕ್ಕೇ ಮುಗಿದಿತ್ತು, ಗ್ರಾಫಿಕ್ಸ್ ಕಾರ್ಡ್ ಹಳೆಯದನ್ನೇ ಹಾಕಿದ. ಅದು 2010ರ ಸುಮಾರಿನದು. ಸಂಜೆ ಫೋನ್ ಬಂತು: "ಮಾಮಾ, ಫ್ಯಾನ್ ತಿರಗಲಕತ್ತದ, ಲೈಟ್ ಹತ್ಯಾವ, ಸ್ಕ್ರೀನ್ ಬರವಲ್ದು."

ಮಾರನೇ ದಿನ ಇಬ್ಬರೂ ಪೆಟ್ಟಿಗೆ ಹೊತ್ತುಕೊಂಡು ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಒಂದು ರಿಪೇರಿ ಅಂಗಡಿಗೆ ಹೋದೆವು. ಅಂಗಡಿಯವರು ಕಾರ್ಡ್ ತೆಗೆದು ಕಾಲುಗಳನ್ನು ರಬ್ಬರಿನಿಂದ ಉಜ್ಜಿದರು, ಪವರ್ ವೈರ್ ಬದಲಿಸಿ ನೋಡಿದರು, ಬೇರೆ ಮಾನಿಟರ್ ಹಚ್ಚಿದರು. ತೆರೆ ಕಪ್ಪಾಗಿಯೇ ಇತ್ತು. ಬೋರ್ಡಿನ ಮೂಲೆಯಲ್ಲಿ 'ವಿಜಿಎ' ಎಂದು ಬರೆದಿದ್ದ ಪುಟ್ಟ ದೀಪ ಮಾತ್ರ ಉರಿಯುತ್ತಿತ್ತು. ಅದೇ ಕಾರ್ಡನ್ನು ಮೂಲೆಯಲ್ಲಿದ್ದ ಹಳೆಯ ಯಂತ್ರಕ್ಕೆ ಹಾಕಿದರೆ ಚಿತ್ರ ಥಟ್ಟನೆ ಬಂತು. "ಕಾರ್ಡ್ ಕೆಟ್ಟಿಲ್ರಿ ಸರ್," ಅಂದರು ಅವರು. "ಇದರ ಮಾತು ಹೊಸ ಬೋರ್ಡಿಗೆ ತಿಳಿವಲ್ದು."

ಆ ಮಾತು ಅಕ್ಷರಶಃ ನಿಜ. ಕಂಪ್ಯೂಟರಿಗೆ ವಿದ್ಯುತ್ ಬಂದ ಕೂಡಲೇ ವಿಂಡೋಸ್ ಇನ್ನೂ ಎದ್ದಿರುವುದಿಲ್ಲ. ಹಾಗಾಗಿ ತೆರೆಯ ಮೇಲೆ ಮೊದಲ ಗೆರೆ ಬರೆಯುವ ಕೆಲಸವನ್ನು ಗ್ರಾಫಿಕ್ಸ್ ಕಾರ್ಡಿನಲ್ಲೇ ಅಡಗಿರುವ ಒಂದು ಚಿಕ್ಕ ಪ್ರೋಗ್ರಾಮ್ ಮಾಡುತ್ತದೆ. 1981ರಲ್ಲಿ ಐಬಿಎಂ ತನ್ನ ಪಿಸಿಯನ್ನು ಮಾರುಕಟ್ಟೆಗೆ ತಂದಿತು. ಅದರ ವಂಶದ ಯಂತ್ರಗಳಲ್ಲಿ ಬೋರ್ಡನ್ನು ಚಾಲೂ ಮಾಡುವ ಬಯೋಸ್ ಎಂಬ ಪ್ರೋಗ್ರಾಮ್ ನೆನಪಿನ ಒಂದು ಗೊತ್ತಾದ ಜಾಗಕ್ಕೆ ಹೋಗಿ '55 ಎಎ' ಎಂಬ ಗುರುತು ಇದೆಯೇ ಎಂದು ಹುಡುಕುತ್ತಿತ್ತು. ಗುರುತು ಸಿಕ್ಕರೆ ಅದು ಕಾರ್ಡಿನ ಪ್ರೋಗ್ರಾಮ್ ಎಂದು ನಂಬಿ ಓಡಿಸುತ್ತಿತ್ತು. ಸಿಗದಿದ್ದರೆ ಸ್ಪೀಕರ್ ಕೂಗುತ್ತಿತ್ತು. ಆ ಕಾಲದ ಅವಾರ್ಡ್ ಬಯೋಸ್‌ನಲ್ಲಿ ಒಂದು ಉದ್ದ, ಎರಡು ಗಿಡ್ಡ ಬೀಪ್ ಕೇಳಿದರೆ ಗ್ರಾಫಿಕ್ಸ್ ಕಾರ್ಡಿನದೇ ತೊಂದರೆ. ಒಂದು ಗುರು, ಎರಡು ಲಘು: ಶಾಲೆಯಲ್ಲಿ ಛಂದಸ್ಸು ಓದಿದವರಿಗೆ ಅದು ಭಗಣ. ಈಗಿನ ಬಹಳಷ್ಟು ಬೋರ್ಡುಗಳ ಜೊತೆ ಆ ಸ್ಪೀಕರೂ ಬರುವುದಿಲ್ಲ.

ಈ ಏರ್ಪಾಡು ಮೂರು ದಶಕ ನಡೆಯಿತು. ಆಮೇಲೆ ಬಯೋಸ್‌ನ ಜಾಗಕ್ಕೆ ಯುಇಎಫ್‌ಐ ಬಂತು. ಅದಕ್ಕಾಗಿ 2005ರಲ್ಲಿ ಕಂಪನಿಗಳ ಒಕ್ಕೂಟವೇ ಹುಟ್ಟಿಕೊಂಡಿತು. 2012ರಲ್ಲಿ ವಿಂಡೋಸ್ 8 ಬಂದಾಗ ಅದು ಮನೆಮನೆಯ ಯಂತ್ರಕ್ಕೂ ಹೊಕ್ಕಿತು. ಯುಇಎಫ್‌ಐ '55 ಎಎ' ಕಾಲದ ಪ್ರೋಗ್ರಾಮನ್ನು ನೆಚ್ಚುವುದಿಲ್ಲ. ಅದಕ್ಕೆ ಬೇಕಾದದ್ದು 'ಜಿಒಪಿ' ಎಂಬ ಹೊಸ ಬಗೆಯ ಡ್ರೈವರ್. 2012ಕ್ಕಿಂತ ಹಿಂದಿನ ಹೆಚ್ಚಿನ ಕಾರ್ಡುಗಳಲ್ಲಿ ಅದಿಲ್ಲ. ಹಳಬರಿಗಾಗಿ 'ಸಿಎಸ್ಎಂ' ಎಂಬ ದುಭಾಷಿಯನ್ನು ಬೋರ್ಡಿನೊಳಗೆ ಕೂರಿಸಿದ್ದರು. 2020ರೊಳಗೆ ಅದನ್ನೂ ಕೈಬಿಡುವುದಾಗಿ ಇಂಟೆಲ್ 2017ರಲ್ಲೇ ಹೇಳಿತ್ತು. ಈಗ ಎಷ್ಟೋ ಬೋರ್ಡುಗಳಲ್ಲಿ ಸಿಎಸ್ಎಂ ಮುಚ್ಚಿಕೊಂಡೇ ಬರುತ್ತದೆ, ಕೆಲವದರಲ್ಲಿ ಇಲ್ಲವೇ ಇಲ್ಲ. 2004ರಿಂದ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನ ಆಕಾರ ಬದಲಾಗಿಲ್ಲವಾದ್ದರಿಂದ ಕಾರ್ಡ್ ಚೆನ್ನಾಗಿ ಕೂರುತ್ತದೆ, ಫ್ಯಾನೂ ತಿರುಗುತ್ತದೆ. ಕೊಳ್ಳುವವನಿಗೆ ಅನುಮಾನ ಬರಲು ಕಾರಣವೇ ಇರುವುದಿಲ್ಲ.

ಅಳಿಯನ ಪ್ರೊಸೆಸರಿನಲ್ಲಿ ಒಳಗಿನ ಗ್ರಾಫಿಕ್ಸ್ ಇರಲಿಲ್ಲ. ಇದ್ದಿದ್ದರೆ ಬೋರ್ಡಿನ ಪೋರ್ಟಿಗೇ ಮಾನಿಟರ್ ಹಚ್ಚಬಹುದಿತ್ತು. ಅಂಗಡಿಯವರು ಹೊಸ ಕಾರ್ಡೊಂದನ್ನು ಎರವಲು ಹಾಕಿ ಸೆಟಪ್ ತೆರೆದರು. ಸೆಕ್ಯೂರ್ ಬೂಟ್ ಬಂದ್ ಮಾಡಿದರು, ಸಿಎಸ್ಎಂ ಚಾಲೂ ಮಾಡಿದರು, ಉಳಿಸಿ, ಯಂತ್ರ ಆರಿಸಿ, ಹಳೆಯ ಕಾರ್ಡ್ ಕೂರಿಸಿದರು. ತೆರೆ ಬೆಳಗಿತು. "ಸೆಲ್ ತೆಗೆದ್ರ, ಇಲ್ಲಾ ಬಯೋಸ್ ರೀಸೆಟ್ ಆದ್ರ ಮತ್ತ ಕಪ್ಪಾಗ್ತದ, ಗಾಬರಿ ಆಗಬ್ಯಾಡ್ರಿ" ಎಂದು ಅಳಿಯನಿಗೆ ಹೇಳಿ ಕಳಿಸಿದರು. ಇಂಥ ಮಾತು ಯಾವ ಡಬ್ಬದ ಮೇಲೂ ಅಚ್ಚಾಗಿರುವುದಿಲ್ಲ.

ಕಥೆ ಅಲ್ಲಿಗೇ ನಿಲ್ಲಬಹುದಿತ್ತು. ಆದರೆ ಅವರು ಎರವಲು ಕಾರ್ಡ್ ಹುಡುಕುವಾಗ ಕೆಳಗಿನ ಖಾನೆಯಿಂದ ಒಂದು ಉದ್ದನೆಯ ಹಲಗೆ ಹೊರಬಂದಿತ್ತು. ಈಗಿನ ಸಾಮಾನ್ಯ ಬೋರ್ಡುಗಳಿಗೆ ಕೂರದ, ಐಎಸ್‌ಎ ಎಂಬ ಹಳೆಯ ಸ್ಲಾಟಿನ ಅಗಲವಾದ ಕಾಲುಗಳು. ಧೂಳು ಒರೆಸಿದಾಗ ಕಂಡದ್ದು 'ಜಿಸ್ಟ್'. ಇದನ್ನು ಯಾರು ತಂದುಕೊಟ್ಟರೆಂದು ಅವರಿಗೆ ನೆನಪಿರಲಿಲ್ಲ. ನನಗೆ ಮೈ ಜುಮ್ಮೆಂದಿತು. ಕನ್ನಡಕ್ಕಾಗಿಯೂ ದುಡಿದ ಗ್ರಾಫಿಕ್ಸ್ ಕಾರ್ಡ್ ಒಂದಿತ್ತೆಂಬುದು ಇವತ್ತು ಎಷ್ಟು ಜನರಿಗೆ ಗೊತ್ತು?

ಜಿಸ್ಟ್‌ನ ಬೇರು ಕಾನ್ಪುರದ ಐಐಟಿಯಲ್ಲಿದೆ. ದೇವನಾಗರಿಯಲ್ಲಿ ಕೆಲಸ ಮಾಡುವ ಕಂಪ್ಯೂಟರನ್ನು ಅಲ್ಲಿನವರು 1983ರಲ್ಲಿ ದೆಹಲಿಯ ವಿಶ್ವ ಹಿಂದಿ ಸಮ್ಮೇಳನದಲ್ಲಿ ತೋರಿಸಿದ್ದರು. 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಆರಂಭವಾದಾಗ ಮೋಹನ್ ತಾಂಬೆ ಆ ವಿದ್ಯೆಯನ್ನು ಅಲ್ಲಿಗೆ ಒಯ್ದರು. ಸಿ-ಡ್ಯಾಕ್ ಎಂದರೆ ಎಲ್ಲರಿಗೂ ನೆನಪಾಗುವುದು 1991ರ ಪರಮ್ ಸೂಪರ್ ಕಂಪ್ಯೂಟರ್ ಮತ್ತು ವಿಜಯ್ ಭಟ್ಕರ್. ನನ್ನ ಲೆಕ್ಕದಲ್ಲಿ ತಾಂಬೆಯವರ ಕೆಲಸ ಅದಕ್ಕಿಂತ ಹೆಚ್ಚು ಜನರ ಬದುಕನ್ನು ಮುಟ್ಟಿತು.

ಡಾಸ್ ಕಾಲದ ತೆರೆಯಲ್ಲಿ 80 ಅಕ್ಷರ ಅಗಲ, 25 ಸಾಲು. ಪ್ರತಿ ಇಂಗ್ಲಿಷ್ ಅಕ್ಷರಕ್ಕೂ ಒಂದೇ ಅಳತೆಯ ಚೌಕ. 'ರಾಷ್ಟ್ರ' ಎಂದು ಬರೆಯಬೇಕಾದರೆ ಷಕಾರದ ಕೆಳಗೆ ಎರಡು ಒತ್ತು ಎಲ್ಲಿ ಕೂರಬೇಕು? ಜಿಸ್ಟ್ ಕಾರ್ಡ್ ಈ ಭಾರವನ್ನು ತಾನೇ ಹೊತ್ತಿತು. ಫೈಲಿನಲ್ಲಿ ಇರುತ್ತಿದ್ದದ್ದು ಬರೀ ಉಚ್ಚಾರದ ಕ್ರಮ, ವ್ಯಂಜನ, ಹಲಂತ, ವ್ಯಂಜನ ಹೀಗೆ. ಕಾರ್ಡಿನಲ್ಲಿದ್ದ ಚಿಪ್ ಅದನ್ನು ಓದಿ ಒತ್ತು, ಗುಣಿತ ಜೋಡಿಸಿ ತೆರೆಗೆ ಬಿಡಿಸುತ್ತಿತ್ತು. ಹಾಗಾಗಿ ಇಂಗ್ಲಿಷಿಗಾಗಿ ಬರೆದ ಡಿಬೇಸ್, ವರ್ಡ್‌ಸ್ಟಾರ್, ಲೋಟಸ್ ಪ್ರೋಗ್ರಾಮುಗಳನ್ನು ತಿದ್ದದೆಯೇ ಅವುಗಳಲ್ಲಿ ಕನ್ನಡ ಹೆಸರು ತುಂಬಬಹುದಿತ್ತು.

ಉಚ್ಚಾರದ ಕ್ರಮವನ್ನು ಫೈಲಿನಲ್ಲಿ ಹಿಡಿದಿಡುವ ಈ ಸಂಕೇತಗಳಿಗೆ ಇಸ್ಕಿ ಎಂದು ಹೆಸರು. 1991ರಲ್ಲಿ ಭಾರತೀಯ ಮಾನಕ ಸಂಸ್ಥೆ ಅದನ್ನು ಐಎಸ್ 13194 ಎಂದು ಪ್ರಮಾಣೀಕರಿಸಿತು. ಕನ್ನಡದ 'ಕ', ತೆಲುಗಿನ 'ಕ', ಮರಾಠಿಯ 'ಕ' ಮೂರಕ್ಕೂ ಇಸ್ಕಿಯಲ್ಲಿ ಒಂದೇ ಅಂಕಿ. ಕನ್ನಡದಲ್ಲಿ ಒತ್ತಿದ ಹೆಸರನ್ನು ಲಿಪಿ ಬದಲಿಸಿ ತೆಲುಗಿನಲ್ಲೋ ನಾಗರಿಯಲ್ಲೋ ನೋಡಬಹುದಿತ್ತು. ಒಂದು ಕಡೆ ತೆಲುಗು, ಇನ್ನೊಂದು ಕಡೆ ಮರಾಠಿ ಇರುವ ನಮ್ಮ ಸೀಮೆಗೆ ಹೇಳಿ ಮಾಡಿಸಿದ ವ್ಯವಸ್ಥೆ ಅದು. ಇದೇ ಇಸ್ಕಿಯ 1988ರ ರೂಪದ ಜೋಡಣೆಯನ್ನು ಯೂನಿಕೋಡ್ ತೆಗೆದುಕೊಂಡಿತು. ನೀವು ಈಗ ಮೊಬೈಲಿನಲ್ಲಿ ಒತ್ತುವ ಕನ್ನಡದ ಹಿಂದೆ ನಿಂತಿರುವ ಅಕ್ಷರಗಳ ಕ್ರಮ ಅಲ್ಲಿಂದ ಬಂದದ್ದು.

ಇಸ್ಕಿ ಪ್ರಮಾಣೀಕರಣಗೊಂಡ ವರ್ಷದ ಇನ್ನೊಂದು ಸಂಗತಿಯನ್ನು ಕಲಬುರಗಿಯವರು ಮರೆಯಬಾರದು. ಕರ್ನಾಟಕದಲ್ಲಿ ಭೂದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಮೊದಲ ಪ್ರಯೋಗ 1991ರಲ್ಲಿ ಆರಂಭವಾದದ್ದು ಆಗ ಗುಲ್ಬರ್ಗ ಎನಿಸಿದ್ದ ಇದೇ ಜಿಲ್ಲೆಯಲ್ಲಿ. ನಿಜಾಮರ ಕಾಲದಲ್ಲಿ ಇಲ್ಲಿನ ಜಮೀನಿನ ಕಾಗದ ಉರ್ದುವಿನಲ್ಲಿತ್ತು. ತನ್ನ ಹೊಲದ ಕಾಗದ ಓದಿಸಲು ರೈತ ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಬೇಕಿತ್ತು. ಅಂಥ ನೆಲದಲ್ಲಿ ಪಹಣಿಯನ್ನು ಕನ್ನಡದಲ್ಲಿ ಯಂತ್ರಕ್ಕೆ ತುಂಬುವ ಪ್ರಯೋಗ ಮೊದಲಾಯಿತು. 1996ರ ಹೊತ್ತಿಗೆ ಯೋಜನೆ ಎಲ್ಲ ಜಿಲ್ಲೆಗಳಿಗೂ ಮಂಜೂರಾಯಿತು. ಆದರೆ ಪಹಣಿ ತಿದ್ದುವುದು ತಾಲ್ಲೂಕಿನಲ್ಲಿ, ಅಲ್ಲಿಗೆ ಕಂಪ್ಯೂಟರ್ ಕೊಡಲಿಲ್ಲ. ಅದನ್ನು ಸರಿಪಡಿಸಿದ್ದು ಆಮೇಲೆ ಬಂದ 'ಭೂಮಿ' ಯೋಜನೆ. 177 ತಾಲ್ಲೂಕು, 67 ಲಕ್ಷ ರೈತರು, 2 ಕೋಟಿ ಪಹಣಿ. 'ಭೂಮಿ'ಯನ್ನು ಹೊಗಳುವವರು ಗುಲ್ಬರ್ಗದ ಮೊದಲ ಹೆಜ್ಜೆಯ ಹೆಸರೆತ್ತುವುದು ಅಪರೂಪ.

ಜಿಸ್ಟ್ ಕಾರ್ಡಿಗೆ ಎರಡು ಕಡೆಯಿಂದ ಪೆಟ್ಟು ಬಿತ್ತು. ವಿಂಡೋಸ್ 95 ಬಂದ ಮೇಲೆ ಡಾಸ್‌ನ ತೆರೆಯೇ ಹಿಂದೆ ಸರಿಯಿತು, ಅಕ್ಷರ ಬಿಡಿಸುವುದು ಫಾಂಟುಗಳ ಕೆಲಸವಾಯಿತು. ಇತ್ತ ಮದರ್‌ಬೋರ್ಡಿನಲ್ಲಿ ಪಿಸಿಐ, ಎಜಿಪಿ ಎಂಬ ಹೊಸ ಸ್ಲಾಟುಗಳು ಜಾಗ ಹಿಡಿದವು. 1999ರಲ್ಲಿ ಬಂದ ಇಂಟೆಲ್ 810 ಚಿಪ್‌ಸೆಟ್ ಐಎಸ್‌ಎಯನ್ನು ನೇರವಾಗಿ ಬೆಂಬಲಿಸುವುದನ್ನೇ ಬಿಟ್ಟಿತು. ಯಂತ್ರ ಬದಲಿಸಿದ ಕಚೇರಿಗಳಲ್ಲಿ ಕಾರ್ಡಿಗೆ ಸ್ಲಾಟ್ ಇರಲಿಲ್ಲ. ಅದರ ಜಾಗಕ್ಕೆ ಬಂದ ಫಾಂಟ್ ಕಂಪನಿಗಳು ಉಚ್ಚಾರದ ಕ್ರಮವನ್ನು ಬಿಟ್ಟು, ಅಕ್ಷರದ ತುಂಡುಗಳಿಗೆ ತಮಗೆ ತೋಚಿದ ಅಂಕಿ ಕೊಟ್ಟವು. ಒಂದು ಡಿಟಿಪಿ ಅಂಗಡಿಯ ಲಗ್ನಪತ್ರಿಕೆ ಇನ್ನೊಂದು ಅಂಗಡಿಯಲ್ಲಿ ಗೀಚಿದ ಗೆರೆಗಳಂತೆ ತೆರೆದುಕೊಳ್ಳುತ್ತಿತ್ತು. 1991ರಲ್ಲೇ ಬಗೆಹರಿದಿದ್ದ ಸಮಸ್ಯೆಯನ್ನು ನಾವು ಕೈಯಾರೆ ಮರಳಿ ತಂದುಕೊಂಡು ವರ್ಷಗಟ್ಟಲೆ ನರಳಿದೆವು. ಇದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಅಳಿಯನ ಕಾರ್ಡಿಗೆ ಸಿಎಸ್ಎಂ ಎಂಬ ದುಭಾಷಿಯಾದರೂ ಸಿಕ್ಕಿತು. ಖಾನೆಯಲ್ಲಿ ಸಿಕ್ಕ ಕಾರ್ಡನ್ನು ಅಂಗಡಿಯವರು ದುಡ್ಡು ತೆಗೆದುಕೊಳ್ಳದೆ ನನ್ನ ಕೈಗಿಟ್ಟರು. ಅದನ್ನು ಕೂರಿಸಲು ಐಎಸ್‌ಎ ಸ್ಲಾಟ್ ಇರುವ, ಓಡುವ ಬೋರ್ಡಿಗಾಗಿ ಊರೆಲ್ಲ ಕೇಳಿದ್ದೇನೆ, ಇನ್ನೂ ಸಿಕ್ಕಿಲ್ಲ. 1990ರ ದಶಕದ ಕಂಪ್ಯೂಟರ್ ನಿಮ್ಮ ಕಚೇರಿಯ ಕಪಾಟಿನಲ್ಲೋ ಮನೆಯ ಅಟ್ಟದಲ್ಲೋ ಇದ್ದರೆ ಗುಜರಿಗೆ ತೂಗಬೇಡಿ. ಅದರ ಜೊತೆಗಿರುವ ಫ್ಲಾಪಿಗಳನ್ನು ಈ ವರ್ಷವೇ ನಕಲು ಮಾಡಿಸಿ. ಅವುಗಳ ಮೇಲಿನ ಕಾಂತದ ಲೇಪ ವರ್ಷ ಕಳೆದಂತೆ ಸಾಯುತ್ತದೆ, ನಮ್ಮ ಬಿಸಿಲಿನಲ್ಲಿ ಇನ್ನೂ ಬೇಗ. ಒಳಗಿರುವುದು ಇಸ್ಕಿ ಫೈಲ್ ಆದರೆ ಯೂನಿಕೋಡಿಗೆ ತರುವುದು ಕಷ್ಟವಲ್ಲ, ಎರಡರ ಕ್ರಮವೂ ಹೆಚ್ಚುಕಡಿಮೆ ಒಂದೇ. ಗುಲ್ಬರ್ಗ ವಿಶ್ವವಿದ್ಯಾಲಯವಾಗಲಿ ನಗರದ ಎಂಜಿನಿಯರಿಂಗ್ ಕಾಲೇಜುಗಳಾಗಲಿ ಒಂದು ಕೋಣೆ, ಓಡುವ ಒಂದು ಹಳೆಯ ಯಂತ್ರ ಕಾದಿರಿಸಲಿ. ನನ್ನ ಹತ್ತಿರ ಇರುವ ಕಾರ್ಡನ್ನು ನಾಳೆಯೇ ತಂದುಕೊಡುತ್ತೇನೆ.