ಶುಲ್ಕದ ಪಟ್ಟಿ ಬರಹದಲ್ಲಿ ಕೇಳಿ, ಕ್ಯಾಂಪಸ್ ಸುತ್ತಿ ನೋಡಿ

ಸಿಇಟಿ ಮುಗಿಯುತ್ತಿದ್ದಂತೆ ಪೋಷಕರು ಬ್ರೋಷರ್ ಹಿಡಿದು ನನ್ನಂಥ ಪಿಯು ಉಪನ್ಯಾಸಕರ ಬಳಿ ಬರುತ್ತಾರೆ. ನಾನು ಮೊದಲು ಕೇಳುವುದು ನಾಲ್ಕೂ ವರ್ಷದ ಲೆಕ್ಕ. ಒಂದೇ ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸರ್ಕಾರಿ ಕೋಟಾ, ಕಾಮೆಡ್‌ಕೆ, ಮ್ಯಾನೇಜ್‌ಮೆಂಟ್ ಸೀಟುಗಳಿಗೆ ಶುಲ್ಕ ಬೇರೆ ಬೇರೆ. ಪಾಠ, ಪದವಿ ಮಾತ್ರ ಒಂದೇ. ಹಾಸ್ಟೆಲ್, ಬಸ್, ‘ಇತರೆ’ ಎಂಬ ಸಾಲು, ಎಲ್ಲವನ್ನೂ ಬರಹದಲ್ಲಿ ಕೇಳಿ ಪಡೆಯಿರಿ. ರಸೀದಿಯಿಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ 1984ರ ಕಾಯ್ದೆ ನಮ್ಮ ರಾಜ್ಯದಲ್ಲಿದೆ, ಆದರೂ ಕೇಳುವವರು ಕೇಳುತ್ತಲೇ ಇದ್ದಾರೆ. ನ್ಯಾಕ್ ಮಾನ್ಯತೆ ಕೊಡುವುದು ಇಡೀ ಸಂಸ್ಥೆಗೆ, ಎನ್‌ಬಿಎ ಮಾನ್ಯತೆ ಆಯಾ ಕೋರ್ಸಿಗೆ. ನಿಮ್ಮ ಮಗಳು ಸೇರುವ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇದೆಯೇ, ವಿಚಾರಿಸಿ.

ಹಣ ಹೊಂದಿದರೆ ಸಾಲದು, ಮನಸ್ಸೂ ಹೊಂದಬೇಕು. ಮಗಳನ್ನೇ ಕರೆದುಕೊಂಡು ತರಗತಿ ನಡೆಯುವ ದಿನ ಹೋಗಿ. ನನ್ನ ವಿದ್ಯಾರ್ಥಿನಿಯೊಬ್ಬಳ ಜೊತೆ ಹಾಗೆ ಹೋದಾಗ, ತರಗತಿ ಬಿಟ್ಟ ಅರ್ಧ ಗಂಟೆಗೇ ಗ್ರಂಥಾಲಯಕ್ಕೆ ಬೀಗ ಬಿತ್ತು. ಹುಡುಗ ಹುಡುಗಿ ಮಾತಾಡಿದರೆ ದಂಡ ಎಂದು ಕ್ಯಾಂಟೀನಿನಲ್ಲಿ ಸಿಕ್ಕ ಸೀನಿಯರ್‌ಗಳು ಹೇಳಿದರು. ಕೆಲವು ಮನೆಯವರಿಗೆ ಅಂಥ ಶಿಸ್ತೇ ಬೇಕಿರಬಹುದು. ನಾಟಕ, ಚರ್ಚೆ ಎಂದರೆ ಪ್ರಾಣ ಬಿಡುವ ಇವಳಿಗೆ ಅಲ್ಲಿ ಉಸಿರು ಕಟ್ಟುತ್ತಿತ್ತು. ಜಿಲ್ಲಾ ಕೇಂದ್ರದ ಸಣ್ಣ ಕಾಲೇಜೊಂದನ್ನು ಆರಿಸಿಕೊಂಡಳು. ಅಲ್ಲಿ ರಂಗತಂಡವಿದೆ, ಮನೆಯಿಂದಲೇ ಬಸ್ಸಿನಲ್ಲಿ ಓಡಾಡುವುದರಿಂದ ಹಾಸ್ಟೆಲ್ ಖರ್ಚೂ ಇಲ್ಲ.