ಹಿಮದೂರಿನ ಹಿತ್ತಲು

ಅಂಗೈಯಷ್ಟುದ್ದದ ಹಸಿರು ಹಣ್ಣು. ಸೀಳಿದರೆ ಒಳಗೆ ಬೆಣ್ಣೆಯಂಥ ಹಳದಿ ತಿರುಳು, ಎರಡು ಸಾಲಾಗಿ ಕೂತ ದಪ್ಪ ಕಂದು ಬೀಜ. ಬಾಯಿಗಿಟ್ಟರೆ ಬಾಳೆಯೂ ಮಾವೂ ಬೆರೆತ ರುಚಿ. ಕಣ್ಣು ಮುಚ್ಚಿ ತಿಂದವರು ನಮ್ಮ ಕರಾವಳಿಯ ಯಾವುದೋ ಹಣ್ಣೆಂದಾರು. ಆದರೆ ಈ ಮರ ಅಮೆರಿಕದ ಪೂರ್ವಭಾಗದ ಕಾಡಿನದು, ಸೊನ್ನೆಗಿಂತ 25 ಡಿಗ್ರಿ ಕೆಳಗಿಳಿಯುವ ಚಳಿಯನ್ನೂ ತಾಳುವಂಥದು. ಹೆಸರು ಪಾಪಾ. ಪಪ್ಪಾಯಿಗೂ ಇದಕ್ಕೂ ನಂಟಿಲ್ಲ. ಇದು ನಮ್ಮ ಸೀತಾಫಲ, ರಾಮಫಲಗಳ ಕುಟುಂಬದ್ದು.

ಮ್ಯಾಸಚೂಸೆಟ್ಸ್ ರಾಜ್ಯದ ಹೋಲಿಯೋಕ್ ಊರಿನ ಒಂದು ಹಿತ್ತಲಲ್ಲಿ ಈ ಮರ ಬೆಳೆಯಿತು. ಎರಿಕ್ ಟೋನ್ಸ್‌ಮೈಯರ್ ಮತ್ತು ಜೊನಾಥನ್ ಬೇಟ್ಸ್ ಎಂಬ ಗೆಳೆಯರು 2004ರಲ್ಲಿ ಅಲ್ಲಿಗೆ ಬಂದಾಗ ಇದ್ದದ್ದು ಎಕರೆಯ ಹತ್ತನೇ ಒಂದು ಭಾಗ. ನಮ್ಮ ಲೆಕ್ಕದಲ್ಲಿ ನಾಲ್ಕು ಗುಂಟೆ. ಮಣ್ಣಲ್ಲಿ ಕಾಂಕ್ರೀಟು, ಡಾಂಬರು, ಇಟ್ಟಿಗೆಯ ಚೂರುಗಳು. ನೆಲದ ಮೇಲೆ ರಟ್ಟು ಹಾಸಿ, ಅದರ ಮೇಲೆ ಗೊಬ್ಬರ ಹರವಿ, ತರಗು ಹೊದಿಸಿ ಅವರು ಮಣ್ಣು ಕಟ್ಟಿದರು. ಕೊನೆಗೆ ಅಲ್ಲಿ ತಿನ್ನಲು ಬರುವ ಗಿಡಗಳೇ ಇನ್ನೂರಕ್ಕೂ ಹೆಚ್ಚು ಬಗೆ. ಆ ಕಥೆಯನ್ನು ಅವರು 2013ರ ‘ಪ್ಯಾರಡೈಸ್ ಲಾಟ್’ ಪುಸ್ತಕದಲ್ಲಿ ಬರೆದಿದ್ದಾರೆ.

ಇಂಥ ಹಿತ್ತಲಿಗೆ ಪರ್ಮಾಕಲ್ಚರ್ ಎಂಬ ಹೆಸರು ಬಂದದ್ದು ಆಸ್ಟ್ರೇಲಿಯಾದಿಂದ. ಬಿಲ್ ಮಾಲಿಸನ್, ಡೇವಿಡ್ ಹೋಮ್‌ಗ್ರೆನ್ ಅವರ ಮೊದಲ ಪುಸ್ತಕ ಹೊರಬಂದದ್ದು 1978ರಲ್ಲಿ. ಕಾಡು ತನ್ನನ್ನು ತಾನೇ ನೋಡಿಕೊಳ್ಳುವಂತೆ, ಒಮ್ಮೆ ನೆಟ್ಟರೆ ವರ್ಷವರ್ಷವೂ ಉಣಿಸುವ ಗಿಡಮರಗಳನ್ನು ಒಂದಕ್ಕೊಂದು ಆಸರೆಯಾಗುವಂತೆ ಜೋಡಿಸುವುದು ಇದರ ಮೂಲ. ಮಲೆನಾಡಿನ ಹಳೆಯ ಹಿತ್ತಲು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಚಳಿನಾಡಿನಲ್ಲಿ ಮಾತ್ರ ನೆಡುವ ಮೊದಲು ಬಿಸಿಲಿನ ಲೆಕ್ಕ ಹಾಕಬೇಕು. ಡಿಸೆಂಬರ್ 21ರ ನಡುಹಗಲು ಬೆಂಗಳೂರಿನಲ್ಲಿ ಸೂರ್ಯ ದಿಗಂತದಿಂದ ಸುಮಾರು 54 ಡಿಗ್ರಿ ಮೇಲಿರುತ್ತಾನೆ; ಹೋಲಿಯೋಕ್‌ನಲ್ಲಿ ಬರೀ 24. ಅಷ್ಟು ಓರೆ ಬಿಸಿಲು ಸಿಗುವುದು ದಕ್ಷಿಣದ ಗೋಡೆಗೆ. ಆದ್ದರಿಂದ ಗಾಜಿನ ಮನೆಯ ಮುಖ ದಕ್ಷಿಣಕ್ಕೆ, ಒಳಗೆ ನೀರು ತುಂಬಿದ ಪೀಪಾಯಿಗಳು. 200 ಲೀಟರ್ ನೀರು 20 ಡಿಗ್ರಿಯಿಂದ 10ಕ್ಕೆ ತಣಿಯುವಾಗ ಬಿಟ್ಟುಕೊಡುವ ಶಾಖ ಎರಡೂಕಾಲು ಯೂನಿಟ್ ವಿದ್ಯುತ್ತಿಗಿಂತ ತುಸು ಹೆಚ್ಚೇ. ಹಗಲು ಕೂಡಿಟ್ಟದ್ದನ್ನು ಪೀಪಾಯಿ ರಾತ್ರಿ ಗಿಡಗಳಿಗೆ ಕೊಡುತ್ತದೆ.

ಇನ್ನು ತಣ್ಣನೆಯ ಗಾಳಿ. ಅದು ಭಾರ, ರಾತ್ರಿ ನೀರಿನಂತೆ ಇಳಿಜಾರಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಇಳಿಜಾರಿಗೆ ಅಡ್ಡಲಾಗಿ ಸಂದಿಲ್ಲದ ಬೇಲಿ ಕಟ್ಟಿದರೆ ಅದರ ಮೇಲ್ಬದಿಯಲ್ಲಿ ಚಳಿಯ ಕೆರೆಯೇ ಆಗುತ್ತದೆ. ಬೇಗ ಹೂಬಿಡುವ ಮರವನ್ನು ಅಲ್ಲಿ ನೆಟ್ಟವರು ಏಪ್ರಿಲ್‌ನ ಒಂದೇ ಇರುಳಿನ ಹೆಪ್ಪುಮಂಜಿಗೆ ಇಡೀ ವರ್ಷದ ಹಣ್ಣು ಕಳೆದುಕೊಳ್ಳುತ್ತಾರೆ. ಬೇಲಿಯಲ್ಲಿ ಗಾಳಿ ಹೊರಹೋಗಲು ಒಂದು ದಾರಿ ಬಿಟ್ಟರೆ ಸಾಕಿತ್ತು.

ಹಿಮವನ್ನು ಮಾತ್ರ ವೈರಿ ಎನ್ನಲು ನನಗೆ ಮನಸ್ಸಿಲ್ಲ. ಒಂದಡಿ ಹಗುರ ಹಿಮ ಕವಿದರೆ ಅದು ಬೇರಿಗೆ ಕಂಬಳಿ. ಮೇಲೆ ಸೊನ್ನೆಗಿಂತ 20 ಡಿಗ್ರಿ ಕೆಳಗಿದ್ದರೂ ಮಣ್ಣು ಸೊನ್ನೆಯ ಆಸುಪಾಸಿನಲ್ಲೇ ಉಳಿಯುತ್ತದೆ. ಗಿಡ ಸಾಯುವುದು ಹೆಚ್ಚಾಗಿ ಹಿಮ ಬೀಳದ ಒಣ ಚಳಿಯಲ್ಲಿ. ಅದಕ್ಕೇ ಶರತ್ಕಾಲದಲ್ಲಿ ಉದುರಿದ ಎಲೆಯನ್ನು ಗುಡಿಸಿ ಬಿಸಾಡದೆ ಬುಡಕ್ಕೆ ಹಾಕುವುದು. ಜಪಾನಿನ ಚಳಿತಾಳುವ ಬಾಳೆ ಉಳಿಯುವುದೂ ಈ ಹೊದಿಕೆಯಡಿಯಲ್ಲೇ: ದಿಂಡು ಕೊಳೆತುಹೋದರೂ ಗಡ್ಡೆ ಮತ್ತೆ ಚಿಗುರುತ್ತದೆ. ಅದರ ಕಾಯಿ ತಿನ್ನಲು ಬಾರದು, ಎಲೆಯ ಚೆಲುವೇ ಲಾಭ.

ಅಮೆರಿಕದ ಚಳಿನಾಡಿನಲ್ಲಿ ನೆಲೆಸಿದ ನಮ್ಮವರು ಕರಿಬೇವಿನ ಕುಂಡವನ್ನು ಚಳಿ ಶುರುವಾಗುವ ಮೊದಲೇ ಒಳಗೆ ತಂದು, ಕಿಟಕಿಯ ಬಳಿ ಮಗುವಿನಂತೆ ಕಾಪಾಡುತ್ತಾರೆ. ಆ ಪ್ರೀತಿ ದೊಡ್ಡದು. ಆದರೆ ಕಿಟಕಿಯಾಚೆಯ ನೆಲಕ್ಕೆ, ಚಳಿಯನ್ನೇ ಬೇಡುವ ಗಿಡವೊಂದನ್ನೂ ನೆಡಬಹುದಲ್ಲ! ಪಾಪಾದ ಬೀಜ ಚಳಿ ಕಾಣದೆ ಮೊಳೆಯುವುದಿಲ್ಲ, ಒಣಗಿದರೆ ಸಾಯುತ್ತದೆ. ಹಣ್ಣು ತಿಂದೊಡನೆ ಬೀಜ ತೊಳೆದು, ಒದ್ದೆ ಪಾಚಿಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಮೂರು ತಿಂಗಳಿಡಬೇಕು. ಬೇರೆ ಬೇರೆ ಮರದ ಬೀಜಗಳಿರಲಿ, ಒಂಟಿ ಮರ ಸಾಮಾನ್ಯವಾಗಿ ಕಾಯಿ ಕಚ್ಚದು. ಬಿತ್ತಿದ ಮೇಲೆ ಮೊದಲು ಬೇರು ಆಳಕ್ಕಿಳಿಯುತ್ತದೆ. ಮಣ್ಣಿನ ಮೇಲೆ ವಾರಗಟ್ಟಲೆ ಏನೂ ಕಾಣದು. ಹಣ್ಣಿಗೆ ಐದಾರು ವರ್ಷ, ಕೆಲವೊಮ್ಮೆ ಎಂಟು.