ಹಿಮದ ಹಾದಿಗೆ ಶಾಖದ ಲೆಕ್ಕ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಕಟ್ಟಿದವರು ಹಿಮಾಲಯವನ್ನು ಕಂಡಿದ್ದರೋ ಇಲ್ಲವೋ ಹೇಳುವಂತಿಲ್ಲ. ಆದರೆ ಆ ಮಾತು ಹಿಮಾಲಯಕ್ಕೆ ಒಪ್ಪುವಷ್ಟು ಬೇರಾವ ಬೆಟ್ಟಕ್ಕೂ ಒಪ್ಪಲಾರದು. ಚಿತ್ರಗಳಲ್ಲಿ ಹಿಮವು ಹಿಂಜಿದ ಅರಳೆಯಂತೆ ಮೃದುವಾಗಿಯೂ ನಿರುಪದ್ರವಿಯಾಗಿಯೂ ತೋರುತ್ತದೆ. ಕೃಷ್ಣಾ ತೀರದ ಬಯಲಿನಲ್ಲಿ, ಮಂಗಸೂಳಿ, ಕಾಗವಾಡ, ಅಥಣಿಗಳಂಥ ಊರುಗಳಲ್ಲಿ ಬೆಳೆದ ವಿದ್ಯಾರ್ಥಿಗಳೂ ಚಳಿಗಾಲದ ರಜೆಯಲ್ಲಿ ಒಮ್ಮೆ ಆ ಹಿಮದ ಮೇಲೆ ನಡೆದು ಬರಬೇಕೆಂದು ಆಸೆಪಡುವುದು ಸಹಜವೇ ಆಗಿದೆ. ಆ ಆಸೆ ಒಳ್ಳೆಯದು. ಆದರೆ ಅದು ಲೆಕ್ಕವಿಲ್ಲದ ಆಸೆಯಾಗಬಾರದು.

2024ನೆಯ ಇಸವಿಯ ಮೇ ತಿಂಗಳ ಕೊನೆಯಲ್ಲಿ, ಬಹುಪಾಲು ಕರ್ನಾಟಕದವರೇ ಇದ್ದ 22 ಜನರ ತಂಡವೊಂದು ಉತ್ತರಾಖಂಡದ ಸಹಸ್ರತಾಲ ಎಂಬ ಎತ್ತರದ ಸರೋವರದ ಕಡೆಗೆ ಹೊರಟಿತು. ಜೂನ್ 3ರಂದು ಅವರು ಹಿಂದಿರುಗುವಾಗ ಹಿಮಗಾಳಿ ಬೀಸಿ ದಾರಿ ಕಾಣದಾಯಿತು. 9 ಮಂದಿ ಚಾರಣಿಗರು ಅಲ್ಲಿಯೇ ಮಡಿದರು; ಉಳಿದ 13 ಮಂದಿಯನ್ನು ರಕ್ಷಿಸಲಾಯಿತು. ಇದು ನಡೆದದ್ದು ಚಳಿಗಾಲದಲ್ಲಲ್ಲ, ಜೂನ್ ತಿಂಗಳಿನಲ್ಲಿ. ಹೀಗಿರುವಾಗ ಡಿಸೆಂಬರ್ ಅಥವಾ ಜನವರಿಯಲ್ಲಿ ಹಿಮದತ್ತ ಹೊರಡುವವರು ಎಷ್ಟು ಸಿದ್ಧತೆ ಮಾಡಿಕೊಳ್ಳಬೇಕೆಂಬುದನ್ನು ಊಹಿಸಬಹುದು. ಈ ಸಿದ್ಧತೆಯ ತಿರುಳು ಭೌತವಿಜ್ಞಾನದ ಒಂದು ಸರಳ ವಿಷಯ: ದೇಹಕ್ಕೆ ಬರುವ ಶಾಖವೆಷ್ಟು, ದೇಹದಿಂದ ಹೋಗುವ ಶಾಖವೆಷ್ಟು ಎಂಬ ಜಮಾಖರ್ಚು.

ಎಲ್ಲಿಗೆ, ಎಂದು?

ಉದಾಹರಣೆಗಾಗಿ ಹೊಸಬರು ಚಳಿಗಾಲದಲ್ಲಿ ಹೆಚ್ಚಾಗಿ ಆರಿಸಿಕೊಳ್ಳುವ ಕೇದಾರಕಂಠವನ್ನು ತೆಗೆದುಕೊಳ್ಳೋಣ. ಇದು ಉತ್ತರಕಾಶಿ ಜಿಲ್ಲೆಯಲ್ಲಿದೆ. ಶಿಖರದ ಎತ್ತರ ಸುಮಾರು 3,800 ಮೀಟರ್. ನಮ್ಮ ಭಾಗದವರು ಬೆಳಗಾವಿ, ಮಿರಜ ಮಾರ್ಗವಾಗಿ ಸಾಗುವ ಗೋವಾ ಎಕ್ಸ್‌ಪ್ರೆಸ್ ರೈಲಿನಲ್ಲಿ ದೆಹಲಿಯನ್ನು ಸೇರಿ, ಅಲ್ಲಿಂದ ದೆಹರಾದೂನಿಗೆ ಹೋಗಬಹುದು. ದೆಹರಾದೂನಿನಿಂದ ಸುಮಾರು 200 ಕಿಲೋಮೀಟರ್ ಬೆಟ್ಟದ ರಸ್ತೆಯಲ್ಲಿ ಸಾಗಿದರೆ ಸಾಂಕ್ರಿ ಎಂಬ ಹಳ್ಳಿ ಸಿಗುತ್ತದೆ. ಅದರ ಎತ್ತರ ಸುಮಾರು 1,950 ಮೀಟರ್. ಅಲ್ಲಿಂದ ಮುಂದೆ ಕಾಲ್ನಡಿಗೆ. ಈ ಪ್ರದೇಶವು ಗೋವಿಂದ ವನ್ಯಜೀವಿಧಾಮಕ್ಕೆ ಸೇರಿರುವುದರಿಂದ ಅರಣ್ಯ ಇಲಾಖೆಯ ಅನುಮತಿ ಬೇಕು. ದಾರಿ ಬಲ್ಲ ಸ್ಥಳೀಯ ಮಾರ್ಗದರ್ಶಕನೂ ಜೊತೆಗಿರಬೇಕು.

ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುವುದು ಹೆಚ್ಚಾಗಿ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಬರುವ, ಹವಾಶಾಸ್ತ್ರಜ್ಞರು ಪಶ್ಚಿಮದ ಕ್ಷೋಭೆಗಳೆಂದು ಕರೆಯುವ ವಾಯುಸುಳಿಗಳಿಂದ. ಇವುಗಳ ಬರವನ್ನು ಹವಾಮಾನ ಇಲಾಖೆಯವರು ಕೆಲವು ದಿನ ಮೊದಲೇ ಗುರುತಿಸಬಲ್ಲರು. ಆದ್ದರಿಂದ ಮುನ್ಸೂಚನೆಯನ್ನು ನೋಡದೆ ಸಾಂಕ್ರಿಯಿಂದ ಹೆಜ್ಜೆ ಮುಂದಿಡಬಾರದು. ಯೋಜನೆಯಲ್ಲಿ ಒಂದೆರಡು ಹೆಚ್ಚಿನ ದಿನಗಳನ್ನು ಇಟ್ಟುಕೊಂಡರೆ ಕೆಟ್ಟ ಹವೆಯಲ್ಲಿ ಕಾದು ಕುಳಿತುಕೊಳ್ಳುವುದು ಕಷ್ಟವಾಗುವುದಿಲ್ಲ. ಹಿಂದಿರುಗುವ ರೈಲಿನ ಚೀಟಿಯೇ ಮನುಷ್ಯನನ್ನು ಬಿರುಗಾಳಿಯೊಳಕ್ಕೆ ದೂಡುವಂತಾಗಬಾರದು.

ತೆಳುವಾದ ಗಾಳಿ

ಅಥಣಿಯ ಸುತ್ತಿನ ಬಯಲು ಸಮುದ್ರಮಟ್ಟದಿಂದ ಸುಮಾರು 550 ಮೀಟರ್ ಎತ್ತರದಲ್ಲಿದೆ. ಮೇಲೇರಿದಂತೆ ಪ್ರತಿ ಕಿಲೋಮೀಟರಿಗೆ ಉಷ್ಣತೆಯು ಸರಾಸರಿ 6.5 ಡಿಗ್ರಿ ಸೆಂಟಿಗ್ರೇಡಿನಂತೆ ಇಳಿಯುತ್ತದೆ. ಎತ್ತರದ ವ್ಯತ್ಯಾಸವೊಂದರಿಂದಲೇ ಕೇದಾರಕಂಠದ ಶಿಖರವು ನಮ್ಮ ಊರಿಗಿಂತ ಸುಮಾರು 21 ಡಿಗ್ರಿ ತಣ್ಣಗಿರಬೇಕು. ಅದು ಉತ್ತರದ ಅಕ್ಷಾಂಶದಲ್ಲಿರುವುದರಿಂದ ಚಳಿಗಾಲದಲ್ಲಿ ಈ ಅಂತರ ಇನ್ನೂ ಹೆಚ್ಚು. ರಾತ್ರಿ ಬಿಡಾರದಲ್ಲಿ ಉಷ್ಣತೆಯು ಸೊನ್ನೆಗಿಂತ 10 ಡಿಗ್ರಿ ಕೆಳಗೆ ಇಳಿಯಬಹುದು.

ಶಿಖರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ನೂರಕ್ಕೆ ಸುಮಾರು 63ರಷ್ಟು ಮಾತ್ರ. ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಅಲ್ಲಿಯೂ ನೂರಕ್ಕೆ 21. ಆದರೆ ಗಾಳಿಯೇ ತೆಳುವಾಗಿರುವುದರಿಂದ ಪ್ರತಿ ಉಸಿರಿಗೆ ದೊರೆಯುವ ಆಮ್ಲಜನಕ ಕಡಿಮೆ. ದೇಹ ಇದಕ್ಕೆ ಹೊಂದಿಕೊಳ್ಳಬಲ್ಲುದು, ಆದರೆ ಅದಕ್ಕೆ ಕಾಲ ಬೇಕು. 3,000 ಮೀಟರಿಗಿಂತ ಮೇಲೆ, ಮಲಗುವ ಸ್ಥಳದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದೆಂಬುದು ವೈದ್ಯರ ಸಲಹೆ. ತಲೆನೋವು, ವಾಕರಿಕೆ, ತಲೆಸುತ್ತು ಕಾಣಿಸಿಕೊಂಡರೆ ಮುಂದೆ ಏರಕೂಡದು. ಅವು ಹೆಚ್ಚಿದರೆ ತಡಮಾಡದೆ ಕೆಳಗಿಳಿಯಬೇಕು.

ದೇಹವೆಂಬ ಒಲೆ

ಸುಮ್ಮನೆ ಕುಳಿತಿರುವ ಮನುಷ್ಯನ ದೇಹ ಸುಮಾರು 100 ವಾಟ್ ದರದಲ್ಲಿ, ಎಂದರೆ ಗಂಟೆಗೆ ಸುಮಾರು 86 ಕಿಲೊಕ್ಯಾಲೊರಿ ಶಾಖವನ್ನು ಉತ್ಪಾದಿಸುತ್ತದೆ. ಹೊರೆ ಹೊತ್ತು ಏರುವಾಗ ಇದು ನಾಲ್ಕೈದು ಪಟ್ಟು ಹೆಚ್ಚಬಹುದು. 60 ಕಿಲೋಗ್ರಾಂ ತೂಗುವ ವಿದ್ಯಾರ್ಥಿಯೊಬ್ಬನು 15 ಕಿಲೋಗ್ರಾಂ ಹೊರೆಯೊಡನೆ ಕೊನೆಯ ಬಿಡಾರದಿಂದ ಶಿಖರಕ್ಕೆ 380 ಮೀಟರ್ ಏರಿದನೆನ್ನೋಣ. ಅವನು ಗುರುತ್ವದ ವಿರುದ್ಧ ಮಾಡಿದ ಕೆಲಸ ಸುಮಾರು 67 ಕಿಲೊಕ್ಯಾಲೊರಿ. ಸ್ನಾಯುಗಳು ಆಹಾರದ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗವನ್ನು ಮಾತ್ರ ಕೆಲಸವಾಗಿ ಮಾರ್ಪಡಿಸಬಲ್ಲವು. ಆದ್ದರಿಂದ ಇದರ ಮೂರರಷ್ಟು, ಎಂದರೆ ಸುಮಾರು 200 ಕಿಲೊಕ್ಯಾಲೊರಿ, ದೇಹದಲ್ಲಿ ಶಾಖವಾಗಿ ಪರಿಣಮಿಸುತ್ತದೆ. ಏರುವವನು ಆ ಚಳಿಯಲ್ಲಿಯೂ ಬೆವರುವುದು ಇದರಿಂದಲೇ.

ಅಪಾಯ ಅಡಗಿರುವುದು ಈ ಬೆವರಿನಲ್ಲಿ. ಒಂದು ಗ್ರಾಂ ಬೆವರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಒಳ ಅಂಗಿಯಲ್ಲಿ 300 ಗ್ರಾಂ ಬೆವರು ಇಂಗಿದೆಯೆಂದು ಎಣಿಸಿದರೆ, ಅದು ಆರುವುದಕ್ಕೆ ಬೇಕಾಗುವ ಶಾಖ 174 ಕಿಲೊಕ್ಯಾಲೊರಿ. ಅದರ ಬಹುಭಾಗವನ್ನು ದೇಹವೇ ತೆರಬೇಕು. ವಿಶ್ರಾಂತಿಯಲ್ಲಿರುವ ದೇಹದ ಎರಡು ಗಂಟೆಗಳ ಗಳಿಕೆ ಇದು! ನಡೆಯುವಾಗ ಈ ನಷ್ಟ ತಿಳಿಯುವುದಿಲ್ಲ. ದಣಿದು ಕುಳಿತೊಡನೆ ಒಲೆ ಮಂದವಾಗುತ್ತದೆ, ಖರ್ಚು ಮಾತ್ರ ನಿಲ್ಲುವುದಿಲ್ಲ. ಗಾಳಿ ಬೀಸಿದರಂತೂ ನಷ್ಟ ಮತ್ತಷ್ಟು. ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಚಳಿಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ, ತೆರೆದ ಚರ್ಮಕ್ಕೆ ಅದು ಗಾಳಿಯಿಲ್ಲದ ಸೊನ್ನೆಗಿಂತ 21 ಡಿಗ್ರಿ ಕೆಳಗಿನ ಚಳಿಗೆ ಸಮನಾಗುತ್ತದೆ.

ಆದುದರಿಂದ ಒಂದೇ ದಪ್ಪ ಉಡುಪಿಗಿಂತ ಪದರಪದರವಾದ ಉಡುಪು ಮೇಲು. ಬೆವರು ಬರುವ ಮೊದಲೇ ಒಂದು ಪದರವನ್ನು ತೆಗೆಯಬೇಕು. ಚಳಿ ಹತ್ತುವ ಮೊದಲೇ ಅದನ್ನು ಹಾಕಿಕೊಳ್ಳಬೇಕು. ಎಲ್ಲಕ್ಕಿಂತ ಹೊರಗೆ ಗಾಳಿಯನ್ನೂ ನೀರನ್ನೂ ತಡೆಯುವ ಪದರವಿರಬೇಕು.

ಕಂಬಳಿಯ ಪಾಠ

ಮಂಗಸೂಳಿಯ ಖಂಡೋಬನ ದರ್ಶನಕ್ಕೆ ಬರುವ ಕುರಿಗಾಹಿಗಳ ಹೆಗಲ ಮೇಲಿನ ಕಂಬಳಿಯನ್ನು ಕಾಣದವರಾರು? ಮಳೆಯಲ್ಲಿ ನೆನೆದರೂ ಅದು ಒಂದಿಷ್ಟು ಬೆಚ್ಚಗೇ ಇರುತ್ತದೆ. ಉಣ್ಣೆಯ ಎಳೆಗಳು ಸುರುಳಿ ಸುರುಳಿಯಾಗಿದ್ದು, ಒದ್ದೆಯಾದಾಗಲೂ ತಮ್ಮ ನಡುವೆ ಗಾಳಿಯನ್ನು ಹಿಡಿದಿಡುತ್ತವೆ. ನಿಶ್ಚಲವಾದ ಗಾಳಿ ಶಾಖದ ಅವಾಹಕ. ಹತ್ತಿಯ ಬಟ್ಟೆಯಾದರೋ ನೆನೆದೊಡನೆ ಮೈಗೆ ಅಂಟಿಕೊಳ್ಳುತ್ತದೆ. ಗಾಳಿ ಇದ್ದ ಜಾಗವನ್ನು ನೀರು ಆಕ್ರಮಿಸುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ನಮ್ಮ ಬಿಸಿಲಿಗೆ ಹಿತವಾದ ಹತ್ತಿ ಅಲ್ಲಿ ಶತ್ರುವಾಗುವುದು ಹೀಗೆ.

ಓದುಗರು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದೇ ಅಳತೆಯ ಎರಡು ಲೋಹದ ಸೀಸೆಗಳಲ್ಲಿ ಸಮನಾದ ಬಿಸಿನೀರನ್ನು ತುಂಬಿರಿ. ಒಂದಕ್ಕೆ ಹತ್ತಿಯ ಬಟ್ಟೆಯನ್ನು, ಇನ್ನೊಂದಕ್ಕೆ ಅಷ್ಟೇ ತೂಕದ ಕಂಬಳಿ ತುಂಡನ್ನು ಸುತ್ತಿ, ಎರಡನ್ನೂ ನೀರಿನಲ್ಲಿ ಅದ್ದಿ ಹಿಂಡಿ, ಬೀಸಣಿಗೆಯ ಗಾಳಿಯಲ್ಲಿ ಇಡಿರಿ. ಐದೈದು ನಿಮಿಷಕ್ಕೊಮ್ಮೆ ಉಷ್ಣಮಾಪಕದಿಂದ ಅಳೆದು ನಕ್ಷೆ ಬರೆಯಿರಿ. ಯಾವ ಅಂಗಿಯನ್ನು ಕೊಂಡೊಯ್ಯಬೇಕೆಂದು ಆ ನಕ್ಷೆಯೇ ಹೇಳುತ್ತದೆ.

ಹಿಮಪಾದುಕೆ

ಉಗಾರದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರಿಕೊಂಡು ಹೊರಟ ಗಾಡಿ ಎರೆಹೊಲದ ಕೆಸರಿನಲ್ಲಿ ಹೂತುಕೊಂಡಾಗ ರೈತರು ಗಾಲಿಯ ಕೆಳಗೆ ರವದಿಯನ್ನೋ ಹಲಗೆಯನ್ನೋ ಹಾಕುತ್ತಾರೆ. ಇಂಗ್ಲಿಷಿನವರು ಸ್ನೋಷೂ ಎಂದು ಕರೆಯುವ ಹಿಮಪಾದುಕೆಯ ತತ್ತ್ವವೂ ಇದೇ. ಹೊಸದಾಗಿ ಬಿದ್ದ ಹಿಮದ ಗಾತ್ರದಲ್ಲಿ ನೂರಕ್ಕೆ ಸುಮಾರು 90 ಪಾಲು ಗಾಳಿಯೇ ಇರುವುದರಿಂದ ಅದು ಭಾರವನ್ನು ಹೊರಲಾರದು. ಬೂಟಿನ ತಳದ ವಿಸ್ತೀರ್ಣ 250 ಚದರ ಸೆಂಟಿಮೀಟರ್ ಎಂದು ಎಣಿಸಿದರೆ, ಒಂಟಿಕಾಲಿನ ಮೇಲೆ ನಿಂತ 75 ಕಿಲೋಗ್ರಾಂ ಭಾರದ ಒತ್ತಡ ಚದರ ಸೆಂಟಿಮೀಟರಿಗೆ 300 ಗ್ರಾಂ. 75 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲದ ಹಿಮಪಾದುಕೆಯನ್ನು ಕಟ್ಟಿಕೊಂಡರೆ ಅದು 50 ಗ್ರಾಮಿಗೆ ಇಳಿಯುತ್ತದೆ. ಹಿಮಚಿರತೆಯ ಅಗಲವಾದ ಪಾದಗಳು ಪ್ರಕೃತಿಯೇ ಕೊಟ್ಟ ಹಿಮಪಾದುಕೆಗಳು.

ಆದರೆ ಅನೇಕರು ತುಳಿದು ಗಟ್ಟಿಯಾದ ದಾರಿಯಲ್ಲಿ ಹಿಮಪಾದುಕೆ ಬೇಕಾಗುವುದಿಲ್ಲ. ಕೇದಾರಕಂಠದ ಹಾದಿ ಸಾಮಾನ್ಯವಾಗಿ ಅಂಥದು. ಅಲ್ಲಿನ ತೊಂದರೆ ಹೂತುಹೋಗುವುದಲ್ಲ, ಜಾರುವುದು. ಅದಕ್ಕೆ ಬೂಟಿಗೆ ತೊಡಿಸುವ ಉಕ್ಕಿನ ಮುಳ್ಳುಗಳು ಬೇಕು. ಮುಳ್ಳು ಭಾರವನ್ನು ಒಂದು ಮೊನೆಗೆ ಕೂಡಿಸಿ ಒತ್ತಡವನ್ನು ಹೆಚ್ಚಿಸುತ್ತದೆ. ಹಿಮಪಾದುಕೆ ಭಾರವನ್ನು ಹರಡಿ ಒತ್ತಡವನ್ನು ತಗ್ಗಿಸುತ್ತದೆ. ಹಿಮದ ಗುಣವನ್ನು ನೋಡಿ ಇವೆರಡರಲ್ಲಿ ಒಂದನ್ನು ಆರಿಸಬೇಕು.

ನೀರು ಮತ್ತು ಇಂಧನ

ಸುತ್ತಲೂ ಹಿಮವಿರುವಾಗ ನೀರಿಗೆ ಕೊರತೆಯೇ ಎಂದು ಕೆಲವರು ಕೇಳಬಹುದು. ಸೊನ್ನೆಗಿಂತ 10 ಡಿಗ್ರಿ ಕೆಳಗಿರುವ ಒಂದು ಕಿಲೋಗ್ರಾಂ ಹಿಮವನ್ನು ತಿಂದು ಬಾಯಾರಿಕೆ ತಣಿಸಿಕೊಳ್ಳುವವನ ದೇಹ, ಅದನ್ನು ಸೊನ್ನೆಗೆ ತರಲು 5, ಕರಗಿಸಲು 80, ಮೈಬಿಸಿಗೆ ತರಲು 37, ಒಟ್ಟು 122 ಕಿಲೊಕ್ಯಾಲೊರಿಗಳನ್ನು ವ್ಯಯಿಸಬೇಕು. ಆದ್ದರಿಂದ ಹಿಮವನ್ನು ಒಲೆಯ ಮೇಲೆ ಕರಗಿಸಿ ಕಾಯಿಸಿಯೇ ಕುಡಿಯಬೇಕು. ಶಿಖರದ ಸಮೀಪದಲ್ಲಿ ನೀರು ಸುಮಾರು 88 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಅನ್ನ, ಬೇಳೆ ಬೇಯಬೇಕಾದರೆ ಪ್ರೆಷರ್ ಕುಕ್ಕರ್ ಬೇಕು. ಒಬ್ಬನಿಗೆ ದಿನಕ್ಕೆ 3 ಲೀಟರ್ ನೀರನ್ನು ಹಿಮದಿಂದ ಕುದಿಯುವವರೆಗೆ ತರಲು ಸುಮಾರು 520 ಕಿಲೊಕ್ಯಾಲೊರಿ ಬೇಕು. ಒಲೆಯ ಅರ್ಧ ಶಾಖ ವ್ಯರ್ಥವಾಗುವುದೆಂದು ಭಾವಿಸಿದರೆ, ತಲೆಗೆ ದಿನಕ್ಕೆ ಸುಮಾರು 100 ಗ್ರಾಂ ಸೀಮೆಎಣ್ಣೆ ನೀರಿಗಾಗಿಯೇ ಬೇಕಾಗುತ್ತದೆ. ಬ್ಯೂಟೇನ್ ಮಾತ್ರ ತುಂಬಿದ ಅನಿಲದ ಡಬ್ಬಿಯನ್ನು ಒಯ್ದರೆ ಫಲವಿಲ್ಲ: ಬ್ಯೂಟೇನ್ ಸೊನ್ನೆಯ ಹತ್ತಿರದಲ್ಲಿಯೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಪ್ರೊಪೇನ್ ಬೆರೆತದ್ದಾದರೆ ಕೆಲಸ ಮಾಡುತ್ತದೆ.

ಬೆಳಕು ಮತ್ತು ಇಳಿಜಾರು

ಹೊಸ ಹಿಮವು ತನ್ನ ಮೇಲೆ ಬಿದ್ದ ನೇರಿಳಾತೀತ ಕಿರಣಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲನ್ನು ಪ್ರತಿಫಲಿಸಬಲ್ಲುದು. ಕಪ್ಪು ಕನ್ನಡಕವಿಲ್ಲದೆ ನಡೆದವನ ಕಣ್ಣು ಆ ಗಳಿಗೆಯಲ್ಲಿ ನೋಯುವುದಿಲ್ಲ. ಕೆಲವು ಗಂಟೆಗಳ ಮೇಲೆ ಮರಳು ಎರಚಿದಂತೆ ಉರಿಯತೊಡಗುತ್ತದೆ. ಮೋಡವಿದ್ದರೂ ಕನ್ನಡಕವನ್ನು ತೆಗೆಯಬಾರದು.

ಹಿಮಪಾತಗಳು ಹೆಚ್ಚಾಗಿ ಕುಸಿಯುವುದು 30ರಿಂದ 45 ಡಿಗ್ರಿಗಳಷ್ಟು ಓರೆಯಾದ ಇಳಿಜಾರುಗಳಿಂದ. ಧಾರವಾಡ ಜಿಲ್ಲೆಯ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಇಂಥ ದುರಂತಕ್ಕೆ ಸಿಕ್ಕಿ, ಹಿಮದಡಿ ಆರು ದಿನಗಳ ಅನಂತರವೂ ಜೀವಂತವಾಗಿ ದೊರೆತು, ಫೆಬ್ರವರಿ 11ರಂದು ದೆಹಲಿಯಲ್ಲಿ ತೀರಿಕೊಂಡುದನ್ನು ನಾಡು ಮರೆತಿಲ್ಲ. ತರಬೇತಿ ಪಡೆದ ಸೈನಿಕರಿಗೇ ಹೀಗಾಗುವಾಗ, ಹೊಸ ಹಿಮ ಬಿದ್ದ ಮರುದಿನ ಕಡಿದಾದ ಇಳಿಜಾರನ್ನು ದಾಟುವ ಸಾಹಸ ವಿದ್ಯಾರ್ಥಿಗಳಿಗೆ ಸಲ್ಲದು.

ಹಿಂದಿರುಗುವ ಗಂಟೆ

ಡಿಸೆಂಬರಿನಲ್ಲಿ ಮಂಗಸೂಳಿಯಲ್ಲಿ ಹಗಲು 11 ಗಂಟೆಗೂ ಮೀರಿ ಇರುತ್ತದೆ. ಕೇದಾರಕಂಠದಲ್ಲಿ 10 ಗಂಟೆಗೆ ತುಸು ಹೆಚ್ಚು. ಸುಮಾರು ಒಂದು ಗಂಟೆಯ ಬೆಳಕನ್ನು ಅಕ್ಷಾಂಶವೇ ಕಿತ್ತುಕೊಂಡಿದೆ. ಆದ್ದರಿಂದ ಶಿಖರದ ದಿನ ಬೆಳಗಾಗುವ ಮೊದಲೇ ಹೊರಡುತ್ತಾರೆ. ಆದರೆ ಹೊರಡುವ ಗಂಟೆಗಿಂತಲೂ ಮುಖ್ಯವಾದುದು ಹಿಂದಿರುಗುವ ಗಂಟೆ. ಅದನ್ನು ಊರಿನಲ್ಲಿಯೇ, ಬೆಚ್ಚಗಿನ ಕೋಣೆಯಲ್ಲಿ ಕುಳಿತು, ಕಾಗದದ ಮೇಲೆ ಬರೆಯಬೇಕು: ‘ಬೆಳಿಗ್ಗೆ 10 ಗಂಟೆಗೆ ಶಿಖರದಲ್ಲಿ ಇರದಿದ್ದರೆ, ಎಲ್ಲಿದ್ದೇವೋ ಅಲ್ಲಿಂದ ಹಿಂದಕ್ಕೆ.’

ಇದನ್ನು ಅಲ್ಲಿಯೇ ನಿರ್ಧರಿಸಿದರಾಗದೇ? ಆಗದು. ದೇಹದ ಒಳಗಿನ ಉಷ್ಣತೆ 37ರಿಂದ 35 ಡಿಗ್ರಿಗೆ ಇಳಿಯುವಷ್ಟರಲ್ಲಿ ಮೈ ನಡುಗುತ್ತದೆ, ಕೈ ತಡವರಿಸುತ್ತದೆ; ಇನ್ನೂ ಇಳಿದರೆ ಮಾತು ತೊದಲುತ್ತದೆ, ವಿವೇಚನೆ ಮಂಕಾಗುತ್ತದೆ. ಆಮ್ಲಜನಕದ ಕೊರತೆಯೂ ಅದಕ್ಕೆ ಸೇರುತ್ತದೆ. ತನಗೆ ಏನೂ ಆಗಿಲ್ಲವೆಂದೇ ಅವನು ಹೇಳುತ್ತಾನೆ. ಪ್ರಯೋಗಶಾಲೆಯಲ್ಲಿ ಅಳೆಯುವ ಉಪಕರಣವೇ ಕೆಟ್ಟಿರುವಾಗ ಅದರ ಅಳತೆಯನ್ನು ನಾವು ನಂಬುವುದಿಲ್ಲವಷ್ಟೆ? ಚಳಿಯಲ್ಲಿ ಕೆಡುವ ಉಪಕರಣ ನಮ್ಮ ಮಿದುಳೇ. ಆದುದರಿಂದ ಅದು ಸರಿಯಾಗಿದ್ದಾಗ ಮಾಡಿದ ನಿರ್ಣಯಕ್ಕೆ ತಂಡವೆಲ್ಲ ಬದ್ಧವಾಗಿರಬೇಕು. ಯಾರಾದರೂ ಒಬ್ಬರು ತೊದಲಿದರೆ ಇಡೀ ತಂಡ ಹಿಂದಿರುಗಬೇಕು. ಆ ಕಾಗದದ ಒಂದು ಪ್ರತಿಯನ್ನು ಮನೆಯವರ ಬಳಿ, ಇನ್ನೊಂದನ್ನು ಸಾಂಕ್ರಿಯಲ್ಲಿ ಬಿಟ್ಟು ಹೋಗಬೇಕು.

ಹೊರಡಲು ಎರಡು ಮೂರು ತಿಂಗಳಿರುವಾಗಲೇ ಅಭ್ಯಾಸ ಆರಂಭವಾಗಲಿ. ಬೆನ್ನಿಗೆ ಹೊರೆ ಕಟ್ಟಿಕೊಂಡು ಪನ್ಹಾಳದ ಕೋಟೆಯನ್ನೋ ಯಲ್ಲಮ್ಮನ ಗುಡ್ಡವನ್ನೋ ವಾರಕ್ಕೊಮ್ಮೆ ಹತ್ತಿ ಇಳಿಯಿರಿ. ಅಲ್ಲಿಯೂ ಹಿಂದಿರುಗುವ ಗಂಟೆಯನ್ನು ಮೊದಲೇ ಬರೆದಿಟ್ಟು, ಆ ಗಂಟೆ ಬಂದೊಡನೆ, ತುದಿ ಕಣ್ಣೆದುರಿಗೇ ಇದ್ದರೂ, ತಿರುಗಿ ಬರುವುದನ್ನು ರೂಢಿಸಿಕೊಳ್ಳಿರಿ. ಕಾಲುಗಳಿಗಿಂತ ಮನಸ್ಸಿಗೆ ಈ ಅಭ್ಯಾಸ ಹೆಚ್ಚು ಬೇಕು.